71ನೇ ಸ್ಥಾನ ಅಂತ ಬೈಯುವ ಮೊದಲು

ನಮಸ್ಕಾರ. ಇವತ್ತು ಪದಕ ಪಟ್ಟಿಯ ಬಗ್ಗೆ ಮಾತಾಡೋಣ. ದೊಡ್ಡ ಕ್ರೀಡಾಕೂಟ ಶುರುವಾದರೆ ಸಾಕು, ಟಿವಿಯ ಮೂಲೆಯಲ್ಲಿ ಒಂದು ಡಬ್ಬಿ ಬಂದು ಕೂರುತ್ತದಲ್ಲ, ಚಿನ್ನ ಇಷ್ಟು, ಬೆಳ್ಳಿ ಇಷ್ಟು, ಕಂಚು ಇಷ್ಟು, ಭಾರತ ಇಷ್ಟನೇ ಸ್ಥಾನ ಅಂತ, ಅದೇ ಪಟ್ಟಿ.

ಮೊದಲು ಮೂರು ಲೆಕ್ಕ ಮುಂದಿಡುತ್ತೇನೆ. 2023ರ ಅಕ್ಟೋಬರ್ 8ಕ್ಕೆ ಹಾಂಗ್‌ಝೌ ಏಷ್ಯನ್ ಗೇಮ್ಸ್ ಮುಗಿಯಿತು. ನಮಗೆ 28 ಚಿನ್ನ, ಒಟ್ಟು 107 ಪದಕ, 4ನೇ ಸ್ಥಾನ. 2024ರ ಆಗಸ್ಟ್ 11ಕ್ಕೆ ಪ್ಯಾರಿಸ್ ಒಲಿಂಪಿಕ್ಸ್ ಮುಗಿಯಿತು. ಒಂದು ಬೆಳ್ಳಿ, ಐದು ಕಂಚು, 71ನೇ ಸ್ಥಾನ. ಸೆಪ್ಟೆಂಬರ್ 8ಕ್ಕೆ ಅದೇ ಪ್ಯಾರಿಸ್‌ನಲ್ಲಿ ವಿಕಲಚೇತನ ಆಟಗಾರರ ಕೂಟ ಪ್ಯಾರಾಲಿಂಪಿಕ್ಸ್ ಮುಗಿಯಿತು. 7 ಚಿನ್ನ, ಒಟ್ಟು 29 ಪದಕ, 18ನೇ ಸ್ಥಾನ.

ಇದೆಲ್ಲ ಸರಿಯಾಗಿ ಹನ್ನೊಂದು ತಿಂಗಳೊಳಗೆ ಆಗಿದ್ದು. ದೇಶ ಅದೇ, ಮೈದಾನ ಅದೇ, ಜನ ಅವರೇ. ಅಕ್ಟೋಬರ್‌ನಲ್ಲಿ ನಾವು ಕ್ರೀಡಾ ಶಕ್ತಿ ಆಗಿಬಿಟ್ಟೆವು ಅಂತ ಕುಣಿದೆವು, ಆಗಸ್ಟ್‌ನಲ್ಲಿ 140 ಕೋಟಿ ಜನ ಇದ್ದೂ ಒಂದು ಚಿನ್ನ ತರೋಕೆ ಆಗಲ್ವಾ ಅಂತ ಆಟಗಾರರಿಗೆ ಬೈದೆವು, ಸೆಪ್ಟೆಂಬರ್‌ನಲ್ಲಿ ಮತ್ತೆ ಹೊಗಳಿದೆವು. ಏಷ್ಯಾ ಬೇರೆ, ಇಡೀ ಜಗತ್ತು ಬೇರೆ ಅಂತ ನೀವು ಹೇಳಬಹುದು. ನಿಜ. ಆದರೆ ಪ್ಯಾರಾಲಿಂಪಿಕ್ಸ್ ಕೂಡ ಇಡೀ ಜಗತ್ತಿನದೇ ಅಲ್ವಾ?

ನಾನು ಹೇಳಬೇಕಾದ ಮಾತು ಇಷ್ಟೇ. ಆ ಸ್ಥಾನ ಅನ್ನೋದು ದೇಶದ ಮಾರ್ಕ್ಸ್ ಕಾರ್ಡ್ ಅಲ್ಲ. ಅಲ್ಲಿ ಯಾವ ಯಾವ ಆಟ ಆಡಿಸಿದರು, ಯಾವ ನಿಯಮದಲ್ಲಿ ಎಣಿಸಿದರು ಅನ್ನೋದರ ಮೇಲೆ ಅದು ಹತ್ತಾರು ಮೆಟ್ಟಿಲು ಮೇಲೆ ಕೆಳಗೆ ಓಡಾಡುತ್ತದೆ. ನೋಡಬೇಕಾದ್ದು ಪದಕ ಯಾವ ಆಟದಿಂದ ಬಂತು, ಯಾವ ಆಟದಲ್ಲಿ ನಾವು ಬಾಗಿಲ ಹತ್ತಿರವೂ ಹೋಗಿಲ್ಲ ಅನ್ನೋದನ್ನ. ಅದನ್ನು ಯಾವ ಚಾನೆಲ್ಲೂ ತೋರಿಸಲ್ಲ, ನನಗೆ ಬೇಜಾರಾಗುವುದು ಅದಕ್ಕೇ.

ನಿಯಮದಿಂದಲೇ ಶುರು ಮಾಡೋಣ. ಒಲಿಂಪಿಕ್ ಚಾರ್ಟರ್ ತೆಗೆದು ನೋಡಿದರೆ, ಸ್ಪರ್ಧೆ ಆಟಗಾರರ ನಡುವೆ, ದೇಶಗಳ ನಡುವೆ ಅಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ದೇಶವಾರು ಜಾಗತಿಕ ರ‍್ಯಾಂಕಿಂಗ್ ಒಲಿಂಪಿಕ್ ಸಮಿತಿ ಮಾಡಬಾರದು ಅಂತ ಅದರ ಹಿಂದಿನ ಆವೃತ್ತಿಗಳಲ್ಲಿ ಇತ್ತು. ಆದರೂ ಎಲ್ಲರೂ ಮಾಡುತ್ತಾರೆ. ನಮ್ಮಲ್ಲಿ ಮೊದಲು ಚಿನ್ನ ಎಣಿಸುತ್ತಾರೆ, ಸಮ ಆದರೆ ಬೆಳ್ಳಿ, ಆಮೇಲೆ ಕಂಚು. ಅಮೆರಿಕದ ಮಾಧ್ಯಮಗಳಲ್ಲಿ ಒಟ್ಟು ಪದಕ ಲೆಕ್ಕ ಹಾಕುವುದೇ ರೂಢಿ. 2008ರ ಬೀಜಿಂಗ್‌ನಲ್ಲಿ ಚಿನ್ನದ ಲೆಕ್ಕದಲ್ಲಿ ಚೀನಾ ಮೊದಲು, ಒಟ್ಟು ಪದಕದ ಲೆಕ್ಕದಲ್ಲಿ ಅಮೆರಿಕ ಮೊದಲು. ಒಂದೇ ಕೂಟ, ಇಬ್ಬರು ಚಾಂಪಿಯನ್ನರು.

ಪ್ಯಾರಿಸ್‌ನ ಕೊನೇ ದಿನ ಇನ್ನೂ ಸೋಜಿಗ. ಎಲ್ಲಕ್ಕಿಂತ ಕೊನೆಯ ಸ್ಪರ್ಧೆ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಫೈನಲ್, ಅಮೆರಿಕ ಮತ್ತು ಫ್ರಾನ್ಸ್. ಆಗ ಚೀನಾ ಬಳಿ 40 ಚಿನ್ನ, ಅಮೆರಿಕ ಬಳಿ 39. ಕೊನೇ ಕ್ಷಣದಲ್ಲಿ ಫ್ರಾನ್ಸ್‌ನ ಗ್ಯಾಬಿ ವಿಲಿಯಮ್ಸ್ ಎಸೆದ ಚೆಂಡು ಬುಟ್ಟಿಗೆ ಬಿತ್ತು. ಆದರೆ ಆಕೆಯ ಪಾದದ ತುದಿ ಮೂರು ಪಾಯಿಂಟ್ ಗೆರೆಯ ಮೇಲಿತ್ತು. ಹಾಗಾಗಿ ಸಿಕ್ಕಿದ್ದು ಎರಡೇ ಪಾಯಿಂಟ್. 67-66. ಕಾಲು ಒಂದು ಚೂರು ಹಿಂದೆ ಇದ್ದಿದ್ದರೆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗುತ್ತಿತ್ತು. ಅಮೆರಿಕದ್ದೂ 40 ಆಯಿತು, ಬೆಳ್ಳಿ ಜಾಸ್ತಿ ಇದ್ದದ್ದರಿಂದ ಪಟ್ಟಿಯ ತುದಿಗೆ ಅವರೇ ಬಂದರು. ಜಗತ್ತಿನ ನಂಬರ್ ಒನ್ ಕ್ರೀಡಾ ದೇಶ ಯಾವುದು ಅಂತ ಒಂದು ಕಾಲ್ಬೆರಳು ತೀರ್ಮಾನಿಸಿತು ಅಂದರೆ, ಆ ತೀರ್ಮಾನಕ್ಕೆ ಎಷ್ಟು ಬೆಲೆ ಕೊಡಬೇಕು ನೀವೇ ಹೇಳಿ.

ಈಗ ನಮ್ಮ 71ಕ್ಕೆ ಬನ್ನಿ. ನಮ್ಮಲ್ಲಿ ಆರು ಪದಕ ಇದ್ದವು. ಒಂದೇ ಒಂದು ಪದಕ ಗೆದ್ದ ಪಾಕಿಸ್ತಾನ 62ನೇ ಸ್ಥಾನದಲ್ಲಿತ್ತು, ಯಾಕೆಂದರೆ ಆ ಒಂದು ಚಿನ್ನ. ಅವರ ಅರ್ಷದ್ ನದೀಮ್ ಜಾವೆಲಿನ್ ಅನ್ನು 92.97 ಮೀಟರ್ ಎಸೆದರು, ಅಂಥ ಎಸೆತಕ್ಕೆ ಯಾವ ದೇಶದವರಾದರೂ ತಲೆಬಾಗಲೇಬೇಕು. ನೀರಜ್ ಚೋಪ್ರಾ 89.45 ಎಸೆದು ಬೆಳ್ಳಿ ತಂದರು. ನಮ್ಮ ಆರರಲ್ಲಿ ಒಂದು ಚಿನ್ನ ಆಗಿದ್ದರೂ 60ರೊಳಗೆ ಬರುತ್ತಿದ್ದೆವು. ಅಷ್ಟಕ್ಕೆ ದೇಶದ ಕ್ರೀಡೆ ಹನ್ನೆರಡು ಮೆಟ್ಟಿಲು ಸುಧಾರಿಸಿದ ಹಾಗಾಯಿತಾ?

ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಕಾಲಂ ಇಲ್ಲ. ಪ್ಯಾರಿಸ್‌ನಲ್ಲಿ ನಮ್ಮವರು ಆರು ಕಡೆ ನಾಲ್ಕನೆಯವರಾದರು. ಅದರಲ್ಲಿ ಮೀರಾಬಾಯಿ ಚಾನು ಒಬ್ಬರು. ವೇಟ್‌ಲಿಫ್ಟಿಂಗ್‌ನ 49 ಕೆಜಿ ವಿಭಾಗದಲ್ಲಿ, ಒಂದೇ ಎಳೆತಕ್ಕೆ ತಲೆ ಮೇಲೆ ಎತ್ತುವ ಸ್ನ್ಯಾಚ್‌ನಲ್ಲಿ 88, ಎರಡು ಹಂತದಲ್ಲಿ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 111, ಒಟ್ಟು 199 ಕೆಜಿ ಎತ್ತಿದರು. ಕಂಚು ಗೆದ್ದ ಥಾಯ್ಲೆಂಡ್‌ನ ಹುಡುಗಿ ಎತ್ತಿದ್ದು 200. ಮೀರಾಬಾಯಿ ಕೊನೇ ಯತ್ನದಲ್ಲಿ 114 ಇಟ್ಟುಕೊಂಡರು, ಅದು ನಿಲ್ಲಲಿಲ್ಲ. ಆ 199 ಕೆಜಿಗೆ ಪಟ್ಟಿಯಲ್ಲಿ ಸಿಕ್ಕಿದ್ದು ಸೊನ್ನೆ.

ಇದರ ಪಕ್ಕದಲ್ಲೇ ನಮ್ಮ ಕುಂದಾಪುರದ ಗುರುರಾಜ ಪೂಜಾರಿ ಅವರನ್ನು ಇಟ್ಟು ನೋಡಿ. ಗಾಡಿ ಓಡಿಸುವ ತಂದೆಯ ಮಗ, ಉಜಿರೆಯಲ್ಲಿ ಓದುವಾಗ ಭಾರ ಎತ್ತೋದು ಕಲಿತವರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆಜಿ ವಿಭಾಗದಲ್ಲಿ 249 ಕೆಜಿ ಎತ್ತಿ ಬೆಳ್ಳಿ ಗೆದ್ದರು, ಆ ಕೂಟದಲ್ಲಿ ಭಾರತದ ಮೊದಲ ಪದಕ ಅದು. ಆಮೇಲೆ ತೂಕದ ವಿಭಾಗಗಳೇ ಬದಲಾದವು, ಇವರು 61 ಕೆಜಿಗೆ ಹೋಗಬೇಕಾಯಿತು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಎತ್ತಿ ಕಂಚು ಗೆದ್ದರು. ನಾಲ್ಕನೇ ಸ್ಥಾನದ ಕೆನಡಾದವನಿಗಿಂತ ಒಂದೇ ಕೆಜಿ ಜಾಸ್ತಿ. ಪಟ್ಟಿ ಏನು ಹೇಳುತ್ತದೆ? ಬೆಳ್ಳಿಯಿಂದ ಕಂಚಿಗೆ ಇಳಿದರು ಅಂತ. ಆ ಮನುಷ್ಯ ನಾಲ್ಕು ವರ್ಷದಲ್ಲಿ 20 ಕೆಜಿ ಜಾಸ್ತಿ ಎತ್ತಿದ್ದಾರೆ ಸ್ವಾಮಿ! ಒಂದು ಕೆಜಿ ಮೀರಾಬಾಯಿ ಕೈ ತಪ್ಪಿಸಿತು, ಒಂದು ಕೆಜಿ ಗುರುರಾಜ್ ಕೈ ಹಿಡಿಯಿತು, ಬಾರ್ ಮುಂದೆ ಬಗ್ಗಿದಾಗ ಇಬ್ಬರೂ ಹಾಕಿದ ಶ್ರಮ ಮಾತ್ರ ಆ ಡಬ್ಬಿಯಲ್ಲಿ ಎಲ್ಲೂ ಕಾಣಲ್ಲ.

ಇನ್ನು ಆಟಗಳ ಆಯ್ಕೆ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ.

2010ರ ದೆಹಲಿ ಕಾಮನ್‌ವೆಲ್ತ್ ಕೂಟ ನೆನಪಿದೆಯಾ? ಅಕ್ಟೋಬರ್ 14, ಕೊನೇ ದಿನ. ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಚಿನ್ನ ಗೆದ್ದರು. ಸಿಂಗಲ್ಸ್ ಫೈನಲ್‌ನಲ್ಲಿ ಸೈನಾ ನೆಹ್ವಾಲ್ ಮೊದಲ ಗೇಮ್ ಸೋತು, ಎರಡನೆಯದನ್ನು 23-21ರಲ್ಲಿ ಹೇಗೋ ಉಳಿಸಿಕೊಂಡು, ಮೂರನೆಯದನ್ನು ಸಲೀಸಾಗಿ ಗೆದ್ದರು. 38ನೇ ಚಿನ್ನ. ಇಂಗ್ಲೆಂಡ್ ಹತ್ತಿರ ಇದ್ದದ್ದು 37. ಭಾರತ ಎರಡನೇ ಸ್ಥಾನ! ಇಡೀ ದೇಶ ಸಂಭ್ರಮಿಸಿತು, ಸಂಭ್ರಮಿಸಬೇಕಾದ್ದೇ. ಆದರೆ ಇಂಗ್ಲೆಂಡ್‌ನ ಒಟ್ಟು ಪದಕ 142, ನಮ್ಮದು 101. ನಮ್ಮ 38ರಲ್ಲಿ 14 ಬಂದಿದ್ದು ಶೂಟಿಂಗ್‌ನಿಂದ, 10 ಬಂದಿದ್ದು ಕುಸ್ತಿಯಿಂದ. ಎರಡೇ ಆಟದಿಂದ 24. ಅಥ್ಲೆಟಿಕ್ಸ್‌ನಿಂದ ಎರಡೇ ಎರಡು: ಕೃಷ್ಣಾ ಪೂನಿಯಾ ಅವರ ಡಿಸ್ಕಸ್, ಆಮೇಲೆ ನಮ್ಮ ಉಡುಪಿ ಕಡೆಯ ಅಶ್ವಿನಿ ಅಕ್ಕುಂಜಿ ಓಡಿದ ಮಹಿಳೆಯರ ರಿಲೇ. ಈಜಿನಲ್ಲಿ ಒಂದು ಚಿನ್ನವೂ ಇಲ್ಲ.

2022ರಲ್ಲಿ ಬರ್ಮಿಂಗ್‌ಹ್ಯಾಮ್‌ನವರು ಶೂಟಿಂಗ್ ತೆಗೆದರು, ನಮ್ಮ ಚಿನ್ನ 22ಕ್ಕೆ ನಿಂತಿತು. ಆ 22ರಲ್ಲಿ ಕುಸ್ತಿಯಿಂದ 6, ಪ್ಯಾರಾ ಸೇರಿ ಟೇಬಲ್ ಟೆನಿಸ್‌ನಿಂದ 4, ಬ್ಯಾಡ್ಮಿಂಟನ್‌ನಿಂದ 3. ಅಂದರೆ 13. 2026ರ ಗ್ಲಾಸ್ಗೋ ಕೂಟಕ್ಕೆ ಖರ್ಚು ಕಡಿಮೆ ಮಾಡಲು ಇಟ್ಟಿರುವುದು 10 ಕ್ರೀಡೆ ಮಾತ್ರ. ಕುಸ್ತಿ ಇಲ್ಲ, ಟೇಬಲ್ ಟೆನಿಸ್ ಇಲ್ಲ, ಬ್ಯಾಡ್ಮಿಂಟನ್ ಇಲ್ಲ, ಶೂಟಿಂಗ್ ಇಲ್ಲ, ಹಾಕಿ ಇಲ್ಲ, ಕ್ರಿಕೆಟ್ಟೂ ಇಲ್ಲ. ಕೂಟ ಶುರುವಾಗುವ ಮೊದಲೇ 13 ಚಿನ್ನದ ದಾರಿ ಮುಚ್ಚಿದೆ. ನಮ್ಮ ಕುಸ್ತಿ ಪಟುಗಳು ಏನು ತಪ್ಪು ಮಾಡಿದರು? ಏನೂ ಇಲ್ಲ. ಆಡಿಸಲೇ ಇಲ್ಲ ಅಷ್ಟೇ. ಹಾಗಾಗಿ ಗ್ಲಾಸ್ಗೋದ ಸ್ಥಾನ ಹಿಡಿದುಕೊಂಡು ಯಾರಾದರೂ "ಭಾರತ ಕುಸಿಯಿತು" ಅಂದರೆ ದಯವಿಟ್ಟು ಈ ಲೆಕ್ಕ ಕೇಳಿ.

ಹಾಗಂತ ಎಲ್ಲ ತಪ್ಪು ಪಟ್ಟಿಯದ್ದೇ, ನಾವು ಚೆನ್ನಾಗೇ ಇದ್ದೇವೆ ಅಂತ ನಾನು ಹೇಳುತ್ತಿಲ್ಲ. ಪ್ಯಾರಿಸ್‌ನಲ್ಲಿ ಇದ್ದದ್ದು 329 ಚಿನ್ನ. ಅಥ್ಲೆಟಿಕ್ಸ್‌ಗೆ 48, ಈಜುಕೊಳದ ಸ್ಪರ್ಧೆಗಳಿಗೆ 35. ಎರಡೇ ಆಟಕ್ಕೆ 83, ಹೆಚ್ಚು ಕಡಿಮೆ ಕಾಲು ಭಾಗ. ಒಬ್ಬ ಈಜುಗಾರ ಒಂದೇ ಕೂಟದಲ್ಲಿ ಎಷ್ಟೋ ಪದಕ ಗೆಲ್ಲಬಹುದು. ಮೈಕಲ್ ಫೆಲ್ಪ್ಸ್ ಬೀಜಿಂಗ್‌ನಲ್ಲಿ ಒಂಬತ್ತು ದಿನದಲ್ಲಿ 8 ಚಿನ್ನ ಗೆದ್ದರು. ನಮ್ಮ ಹಾಕಿ ತಂಡಕ್ಕೆ 8 ಚಿನ್ನ ಗೆಲ್ಲಲು 1928ರಿಂದ 1980ರ ತನಕ ಬೇಕಾಯಿತು, ಕೊನೆಯ ಚಿನ್ನದ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಇಡೀ ತಂಡ ಎರಡು ವಾರ ಬೆವರು ಸುರಿಸಿದರೂ ಪಟ್ಟಿಯಲ್ಲಿ ಅದು ಒಂದೇ ಪದಕ.

ಪ್ಯಾರಿಸ್‌ನ ಈಜುಕೊಳಕ್ಕೆ ಭಾರತದಿಂದ ಇಳಿದವರು ಇಬ್ಬರು. ಶ್ರೀಹರಿ ನಟರಾಜ್, ಧಿನಿಧಿ ದೇಸಿಂಗು. ಇಬ್ಬರೂ ಬೆಂಗಳೂರಿನವರು. ಧಿನಿಧಿಗೆ ಆಗ 14 ವರ್ಷ, ನಮ್ಮ 117 ಜನರ ತಂಡದಲ್ಲೇ ಚಿಕ್ಕವಳು. 200 ಮೀಟರ್ ಫ್ರೀಸ್ಟೈಲ್‌ನಲ್ಲಿ ತನ್ನ ಹೀಟ್‌ನಲ್ಲಿ, ಅಂದರೆ ಮೊದಲ ಸುತ್ತಿನ ತನ್ನ ಗುಂಪಿನಲ್ಲಿ, ಎಲ್ಲರಿಗಿಂತ ಮೊದಲು ಗೋಡೆ ಮುಟ್ಟಿದಳು. ಆದರೆ ಎಲ್ಲ ಹೀಟ್ ಸೇರಿಸಿ 23ನೇ ಸ್ಥಾನ, ಸೆಮಿಫೈನಲ್‌ಗೆ ಬೇಕಿದ್ದದ್ದು 16ರೊಳಗೆ. ಒಲಿಂಪಿಕ್ಸ್ ಈಜಿನಲ್ಲಿ ಭಾರತದ ಯಾರೂ ಇದುವರೆಗೆ ಫೈನಲ್ ತಲುಪಿಲ್ಲ. ಒಂದೇ ಊರಿನ ಇಬ್ಬರು ಮಕ್ಕಳ ಹೆಗಲ ಮೇಲೆ ಇಡೀ ದೇಶದ ಈಜು! 71ಕ್ಕಿಂತ ನನ್ನ ಹೊಟ್ಟೆ ಉರಿಸುವುದು ಇದು.

140 ಕೋಟಿ ಅನ್ನುವವರಿಗೆ ಇನ್ನೊಂದು ಮಾತು. ಈಜಿನಲ್ಲಿ ಒಂದು ಸ್ಪರ್ಧೆಗೆ ಒಂದು ದೇಶದಿಂದ ಹೆಚ್ಚೆಂದರೆ ಇಬ್ಬರು, ಅಥ್ಲೆಟಿಕ್ಸ್‌ನಲ್ಲಿ ಮೂವರು. ಅಮೆರಿಕಕ್ಕೂ ಅಷ್ಟೇ, ನಮಗೂ ಅಷ್ಟೇ, ಸೇಂಟ್ ಲೂಸಿಯಾಗೂ ಅಷ್ಟೇ. ಆ ಪುಟ್ಟ ದ್ವೀಪದ ಜೂಲಿಯನ್ ಆಲ್ಫ್ರೆಡ್ 100 ಮೀಟರ್‌ನಲ್ಲಿ ಚಿನ್ನ, 200ರಲ್ಲಿ ಬೆಳ್ಳಿ ಗೆದ್ದರು. ಜನಸಂಖ್ಯೆ ಓಡಲ್ಲ, ಈಜಲ್ಲ. ಎಷ್ಟು ಮಕ್ಕಳಿಗೆ ಟ್ರ್ಯಾಕ್ ಸಿಗುತ್ತದೆ, ಕೊಳ ಸಿಗುತ್ತದೆ, ಕಲಿಸುವವರು ಸಿಗುತ್ತಾರೆ ಅನ್ನೋದೇ ಲೆಕ್ಕಕ್ಕೆ ಬರುವುದು. ಬೈಯಬೇಕು ಅನಿಸಿದರೆ ಅದಕ್ಕೆ ಬೈಯಿರಿ, 199 ಕೆಜಿ ಎತ್ತಿದವರಿಗೆ ಬೇಡ.

ಹಾಗಾದರೆ ಪಟ್ಟಿಯನ್ನು ಹೇಗೆ ನೋಡಬೇಕು? ಪಕ್ಕದವರ ಸಾಲು ಬಿಡಿ, ನಮ್ಮ ಸಾಲನ್ನೇ ವರ್ಷದಿಂದ ವರ್ಷಕ್ಕೆ ನೋಡಿ. ಪ್ಯಾರಾಲಿಂಪಿಕ್ಸ್ ತಗೊಳ್ಳಿ. 2012ರ ಲಂಡನ್‌ನಲ್ಲಿ ಇಡೀ ಭಾರತಕ್ಕೆ ಒಂದೇ ಪದಕ, ಹಾಸನ ಜಿಲ್ಲೆಯ ಗಿರೀಶ್ ಗೌಡ ಅವರ ಹೈಜಂಪ್ ಬೆಳ್ಳಿ. ಆ ಸ್ಪರ್ಧೆಯಲ್ಲಿ ಚಿನ್ನ, ಬೆಳ್ಳಿ, ಕಂಚು ಗೆದ್ದ ಮೂವರೂ ಜಿಗಿದದ್ದು ಒಂದೇ ಎತ್ತರ, 1.74 ಮೀಟರ್. ಫೇಲಾದ ಜಿಗಿತಗಳ ಲೆಕ್ಕದಲ್ಲಿ ಫಿಜಿಯವರಿಗೆ ಚಿನ್ನ ಹೋಯಿತು. 2016ರಲ್ಲಿ 4 ಪದಕ. ಟೋಕಿಯೋದಲ್ಲಿ 19. ಪ್ಯಾರಿಸ್‌ನಲ್ಲಿ 29, ಅದರಲ್ಲಿ 17 ಅಥ್ಲೆಟಿಕ್ಸ್‌ನವು. ಟೋಕಿಯೋ, ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದ ಸುಹಾಸ್ ಯತಿರಾಜ್ ಕೂಡ ಹಾಸನದವರೇ. 1, 4, 19, 29. ಈ ಏರಿಕೆ ಒಂದು ಬೆರಳಿನಿಂದ, ಒಂದು ಕೆಜಿಯಿಂದ ಆಗುವಂಥದ್ದಲ್ಲ. ಇದಕ್ಕೆ ಎಷ್ಟು ಹೆಮ್ಮೆಪಟ್ಟರೂ ಕಡಿಮೆಯೇ.

2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದ್‌ಗೆ ಸಿಕ್ಕಿದೆ. ಶೂಟಿಂಗ್, ಕುಸ್ತಿ ವಾಪಸ್ ಬಂದರೆ ನಮ್ಮ ಸ್ಥಾನ ತಾನಾಗೇ ಮೇಲೆ ಹೋಗುತ್ತದೆ. ಆಗಲಿ, ಆ ಆಟಗಾರರು ಅದಕ್ಕೆ ಅರ್ಹರು. ಆದರೆ ನಾನು ಅಲ್ಲಿ ಮೊದಲು ಹುಡುಕುವುದು ಈಜಿನ ಫೈನಲ್‌ಗಳಲ್ಲಿ ನಮ್ಮವರ ಹೆಸರು ಎಷ್ಟು ಇದೆ ಅಂತ, ಮತ್ತೆ ಅವರೆಲ್ಲ ಬೆಂಗಳೂರಿನವರೇನಾ ಅಥವಾ ರಾಯಚೂರು, ಗದಗ, ಚಾಮರಾಜನಗರದಿಂದಲೂ ಯಾರಾದರೂ ಬಂದಿದ್ದಾರಾ ಅಂತ.

ಒಂದು ಕೆಲಸ ಮಾಡಿ. ನಿಮ್ಮ ತಾಲೂಕಿನಲ್ಲಿ 50 ಮೀಟರ್ ಈಜುಕೊಳ ಇದೆಯಾ, 400 ಮೀಟರ್ ಸಿಂಥೆಟಿಕ್ ಟ್ರ್ಯಾಕ್ ಇದೆಯಾ, ಇದ್ದರೆ ಸಂಜೆ ಹೊತ್ತು ಮಕ್ಕಳಿಗೆ ಬಾಗಿಲು ತೆಗೆಯುತ್ತಾರಾ, ಕೋಚ್ ಇದ್ದಾರಾ, ಊರಿನ ಹೆಸರು ಹಾಕಿ ಕೆಳಗೆ ಕಾಮೆಂಟ್‌ನಲ್ಲಿ ಬರೆಯಿರಿ. ಇಲ್ಲ ಅಂತಿದ್ದರೂ ಬರೆಯಿರಿ. ಒಂದೊಂದನ್ನೂ ಓದುತ್ತೇನೆ, ಮುಂದಿನ ವಿಡಿಯೋದಲ್ಲಿ ಊರಿನ ಹೆಸರು ಹೇಳಿಯೇ ಮಾತಾಡೋಣ.