ಮೈ ಬೆಚ್ಚಗಾದರೆ ಮೊದಲು ರಕ್ತ, ಆಮೇಲೆ ಮಾತ್ರೆ

ಅಂಕೋಲೆ, ಕುಮಟೆಯ ಗದ್ದೆಗಳಲ್ಲಿ ನಾಟಿ ನಡೆಯೋ ಹೊತ್ತು. ಕಿಡ್ನಿ ಕಸಿ ಆದವರಿಗೆ ಮೈ ಸ್ವಲ್ಪ ಬೆಚ್ಚಗಾಯ್ತು ಅಂದ್ರೆ ಮನೆಯಲ್ಲಿ ಏನಂತಾರೆ? "ಮಳೇಲಿ ನೆಂದಿದ್ದಕ್ಕೆ, ಒಂದು ಮಾತ್ರೆ ನುಂಗಿ ಮಲಗು." ನನ್ನ ತಕರಾರು ಈ ಮಾತಿನ ಮೇಲೇ.

ಹೊಸ ಕಿಡ್ನಿಯನ್ನ ಮೈ ತಿರಸ್ಕರಿಸದ ಹಾಗೆ ರೋಗನಿರೋಧಕ ಶಕ್ತಿ ತಗ್ಗಿಸೋ ಪ್ರೆಡ್ನಿಸೋಲೋನ್, ಟ್ಯಾಕ್ರೋಲಿಮಸ್ ನುಂಗೋರಿಗೆ ಎಷ್ಟೇ ಸೋಂಕಿದ್ದರೂ ಜ್ವರ ಜೋರಾಗಿ ಏರಲೇಬೇಕು ಅಂತಿಲ್ಲ. ಹೊಸ ಕಿಡ್ನಿ ಇರೋದು ಕೆಳಹೊಟ್ಟೆಯ ಒಂದು ಬದಿಗೆ. ಅದರ ಅಪಧಮನಿಯನ್ನ ಸಾಮಾನ್ಯವಾಗಿ ಕಾಲಿಗೆ ಹೋಗೋ ದೊಡ್ಡ ನಾಳಕ್ಕೆ ಹೊಲಿದಿರ್ತಾರೆ. ರೋಗಾಣು ಆ ಹೊಲಿಗೆಯಲ್ಲಿ ಕೂತರೆ ನಾಳದ ಗೋಡೆ ಕೊಳೆತು, ತೆಳುವಾಗಿ, ಬಲೂನಿನಂತೆ ಉಬ್ಬುತ್ತೆ. ಇದೇ ಮೈಕೋಟಿಕ್ ಅನ್ಯೂರಿಸಮ್. 1885ರಲ್ಲಿ ವಿಲಿಯಂ ಆಸ್ಲರ್ ಇಟ್ಟ ಹೆಸರು. ಕೇಳಿದರೆ ಶಿಲೀಂಧ್ರ ಅನಿಸುತ್ತೆ, ಆದರೆ ಹೆಚ್ಚಿನ ಸಲ ಕಾರಣ ಬ್ಯಾಕ್ಟೀರಿಯಾ. ಆದರೂ ಕಸಿಯಾದ ಮೊದಲ ವಾರಗಳಲ್ಲಿ ಕ್ಯಾಂಡಿಡಾ ಅನ್ನೋ ಶಿಲೀಂಧ್ರವನ್ನೂ ಮರೀಬಾರದು. ಕಿಡ್ನಿಯನ್ನ ತಂಪಾಗಿಟ್ಟ ದ್ರಾವಣದ ಜೊತೆಗೇ ಅದು ಒಳಗೆ ಬಂದಿರಬಹುದು.

ನಮ್ಮ ಕರಾವಳಿಗೆ ಇನ್ನೊಂದು ಕಾಟವಿದೆ: ಮೆಲಿಯೊಯ್ಡೋಸಿಸ್. ಬರ್ಕ್‌ಹೋಲ್ಡೇರಿಯಾ ಸೂಡೊಮ್ಯಾಲೈ ಅನ್ನೋ ಇದರ ರೋಗಾಣು ಒದ್ದೆ ಮಣ್ಣಲ್ಲಿ, ಕೆಸರು ನೀರಲ್ಲಿ ಬದುಕುತ್ತೆ, ರಕ್ತನಾಳಕ್ಕೂ ಕೈ ಹಾಕುತ್ತೆ. ಲ್ಯಾಬ್ ಇದನ್ನ ಸ್ಯೂಡೋಮೊನಾಸ್ ಅನ್ನೋ ಬೇರೆ ಬ್ಯಾಕ್ಟೀರಿಯಾ ಅಂತ ತಪ್ಪಾಗಿ ಬರೆದುಬಿಡೋದುಂಟು. ಆ ರೋಗಾಣು ಜೆಂಟಾಮೈಸಿನ್, ಕೊಲಿಸ್ಟಿನ್ ಅನ್ನೋ ಆಂಟಿಬಯಾಟಿಕ್‌ಗಳಿಗೆ ಬಗ್ಗದೆ, ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗಿದರೆ ಮೆಲಿಯೊಯ್ಡೋಸಿಸ್ ಅಂತ ಅನುಮಾನ ಪಡಲೇಬೇಕು. "ಕಸಿ ರೋಗಿ, ಗದ್ದೆ ಕೆಲಸ" ಅಂತ ಲ್ಯಾಬ್ ಚೀಟಿಯಲ್ಲಿ ಬರೆಸಿ.

ಆಂಟಿಬಯಾಟಿಕ್ ಶುರುವಾಗೋ ಮುಂಚೆ ಬ್ಲಡ್ ಕಲ್ಚರ್ (ರಕ್ತದಲ್ಲಿರೋ ರೋಗಾಣುವನ್ನ ಬೆಳೆಸಿ ನೋಡೋ ಪರೀಕ್ಷೆ) ಆಗಬೇಕು: ಎರಡು ಬೇರೆ ಜಾಗದಿಂದ ಎರಡು ಸೆಟ್, ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ಬಾಟಲಿಯನ್ನ ಫ್ರಿಜ್‌ನಲ್ಲಿ ಇಡಬಾರದು. ಮೈ ನಡುಗಿ ಬಿಪಿ ಇಳಿದಿದ್ದರೆ ರಕ್ತ ತೆಗೆದ ಕೂಡಲೇ ಔಷಧಿ, ರಿಪೋರ್ಟಿಗೆ ಕಾಯೋ ಹಾಗಿಲ್ಲ. ಕಸಿಯ ಬದಿಗೆ ತೊಡೆಸಂದು ಅಥವಾ ಬೆನ್ನು ನೋವು, ಕಾಲು ಬಾವು, ಹಿಮೋಗ್ಲೋಬಿನ್ ಇಳಿತ ಕಂಡರೆ ಅವತ್ತೇ ಡಾಪ್ಲರ್ (ರಕ್ತದ ಹರಿವು ತೋರಿಸೋ ಸ್ಕ್ಯಾನ್), ಆಮೇಲೆ ಸಿಟಿ ಆಂಜಿಯೋಗ್ರಾಂ (ಬಣ್ಣದ ಔಷಧಿ ಚುಚ್ಚಿ ತೆಗೆಯೋ ನಾಳದ ಚಿತ್ರ). ಕಿಡ್ನಿ ಕುಂದಿದ್ದನ್ನ ತೋರಿಸೋ ಕ್ರಿಯಾಟಿನಿನ್ ಏರೀತು ಅಂತ ಆ ಔಷಧಿಗೆ, ಅಂದ್ರೆ ಕಾಂಟ್ರಾಸ್ಟ್‌ಗೆ, ಹೆದರಿ ದಿನ ತಳ್ಳೋದು ನನಗೆ ಒಪ್ಪಿಗೆಯಿಲ್ಲ. ನಾಳ ಒಡೆದರೆ ಕ್ರಿಯಾಟಿನಿನ್ ಕೇಳೋರೇ ಇರಲ್ಲ.

ನಾಳದ ಈ ಉಬ್ಬು ಬರೀ ಔಷಧಿಯಿಂದ ವಾಸಿಯಾಗೋದು ಅಪರೂಪ. ಕೊಳೆತ ತುಂಡನ್ನ ಕತ್ತರಿಸಬೇಕು, ಎಷ್ಟೋ ಸಲ ಕಿಡ್ನಿಯನ್ನೂ ತೆಗೀಬೇಕು. ಕೊಟ್ಟೋರು ಅಮ್ಮನೋ ಅಕ್ಕನೋ ಆಗಿದ್ದಾಗ ಮನೆಯವರು ಒಪ್ಪೋದು ಕಷ್ಟ, ಆದರೂ ಡಯಾಲಿಸಿಸ್‌ಗೆ ವಾಪಸ್ ಹೋಗಬಹುದು. ಔಷಧಿಯಲ್ಲೂ ಎಚ್ಚರ: ಸೋಂಕಿಗೆ ಕೊಡೋ ಫ್ಲುಕೊನಜೋಲ್, ಕ್ಲಾರಿತ್ರೋಮೈಸಿನ್ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರಿಸ್ತವೆ, ರಿಫಾಂಪಿಸಿನ್ ಇಳಿಸುತ್ತೆ. ಮಟ್ಟ ಅಳೀದೆ ಮೆಡಿಕಲ್ ಶಾಪಿಂದ ತಂದು ನುಂಗಬೇಡಿ.

ದೊಡ್ಡ ಆಸ್ಪತ್ರೆಗೆ ಅಂತ ಹೊರಟರೆ ಸಿರ್ಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿ.ಮೀ. ಹಾಗಾಗಿ ಕಸಿ ಫೈಲು, ಮಾತ್ರೆ ಚೀಟಿ ಒಂದೇ ಚೀಲದಲ್ಲಿರಲಿ. ಕಾಲಲ್ಲಿ ಗಾಯವಿದ್ದರೆ ಗದ್ದೆಗೆ ಇಳೀಬೇಡಿ. ಇಲ್ಲದಿದ್ದರೂ ಗಂಬೂಟು ಹಾಕದೆ ಇಳೀಬೇಡಿ.