ಮಾವನ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್?

ಕೇಳುಗರಿಗೆ ನಮಸ್ಕಾರ.

ಸಾಗರದಲ್ಲಿರುವ ನನ್ನ ಸೋದರಮಾವ ಒಂದು ದಿನ ಫೋನ್ ಮಾಡಿದರು. "ಲ್ಯಾಪ್‌ಟಾಪು ದಿನಾ ಬೆಳಗ್ಗೆ ಏನೋ ಎಚ್ಚರಿಕೆ ಕೊಡ್ತಿದೆ ಮಾರಾಯ, ಬಂದು ನೋಡು" ಅಂದರು. ಹೋಗಿ ನೋಡಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಅದರದ್ದೇ ಗಲಾಟೆ. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ಪು ಬೇಕು. 2013ರಲ್ಲಿ ಕೊಂಡ ಲ್ಯಾಪ್‌ಟಾಪಿನಲ್ಲಿ ಅದೆಲ್ಲಿಂದ ಬರಬೇಕು? ಹಾಗಂತ ಬಿಸಾಡೋಕೆ ಮನಸ್ಸಿಲ್ಲ. ಕೀಬೋರ್ಡು, ಸ್ಕ್ರೀನು ಎಲ್ಲಾ ಗಟ್ಟಿಮುಟ್ಟಾಗಿವೆ. "ಲಿನಕ್ಸ್ ಹಾಕಿಬಿಡೋಣ ಮಾವ" ಅಂದೆ. ವಿಂಡೋಸಿನ ಹಾಗೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ತಂತ್ರಾಂಶ ಅದು. ಅವರು ಸುಮ್ನೆ ತಲೆಯಾಡಿಸಿದರು.

ಯಾವ ಲಿನಕ್ಸ್ ಅಂತ ಅವರು ಕೇಳಲಿಲ್ಲ. ರಾತ್ರಿಯೆಲ್ಲ ಕೇಳಿಕೊಂಡಿದ್ದು ನಾನೇ.

ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮ ಖಾಸಗಿ ಬಸ್ಸುಗಳನ್ನು ನೋಡಿದ್ದೀರಲ್ಲ? ಎಂಜಿನ್ನು, ಚಾಸಿ ಒಂದೇ ಕಂಪನಿಯದ್ದು. ಬಾಡಿ ಕಟ್ಟುವವರು ಬೇರೆ ಬೇರೆ. ಒಬ್ಬರು ಸ್ಲೀಪರ್ ಮಾಡ್ತಾರೆ, ಇನ್ನೊಬ್ಬರು ಹಳ್ಳಿ ರೂಟಿಗೆ ಮರದ ಸೀಟು ಕೂರಿಸ್ತಾರೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯಲು ಶುರು ಮಾಡಿದ ಕರ್ನೆಲ್, ಅಂದರೆ ಲಿನಕ್ಸಿನ ತಿರುಳು, ಇಲ್ಲಿ ಎಂಜಿನ್ನು, ಚಾಸಿ ಎರಡೂ. ಅದರ ಮೇಲೆ ಬಾಡಿ ಕಟ್ಟಿದ್ದೇ ಡಿಸ್ಟ್ರೋ. ಡೆಬಿಯನ್ 1993ರದ್ದು, ಉಬುಂಟು 2004ರದ್ದು, ಮಿಂಟ್ 2006ರದ್ದು. ಇನ್ನೂ ನೂರಾರು ಇವೆ, ಅವನ್ನೆಲ್ಲ ಹೇಳುತ್ತಾ ಕೂತರೆ ನನ್ನ ಸಮಯ ಮುಗಿದುಹೋಗುತ್ತೆ.

ನನಗೆ ಈ ಹುಚ್ಚು ಹತ್ತಿದ್ದು 2006ರಲ್ಲಿ. ಆಗ ಉಬುಂಟುವಿನವರು ಕೇಳಿದವರಿಗೆಲ್ಲ ಸಿಡಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು, ಒಂದು ಪೈಸೆ ಇಲ್ಲದೆ. ಪರದೇಶದ ಕವರು ನೋಡಿ ಪೋಸ್ಟ್‌ಮ್ಯಾನ್ ಕೂಡ ಸ್ವಲ್ಪ ಹೊತ್ತು ನಿಂತಿದ್ದರು. ಹಾಕಿ ನೋಡಿದರೆ ಒಂದೂ ಎಂಪಿ3 ಹಾಡು ಕೇಳಲಿಲ್ಲ. ಪೇಟೆಂಟ್ ತೊಡಕಿನಿಂದ ಅದನ್ನು ಕೇಳಿಸುವ ಕೋಡೆಕ್ ಸಿಡಿಯಲ್ಲಿ ಇರುತ್ತಿರಲಿಲ್ಲ, ಆಮೇಲೆ ನಾವೇ ಇಳಿಸಿಕೊಳ್ಳಬೇಕಿತ್ತು. ನಮ್ಮ ಮನೆಯಲ್ಲಿ ಇಂಟರ್ನೆಟ್ಟೇ ಇರಲಿಲ್ಲ! ಆದರೂ ಬಿಡಲಿಲ್ಲ. ತಿಂಗಳಿಗೊಂದು ಡಿಸ್ಟ್ರೋ ಬದಲಾಯಿಸುತ್ತಿದ್ದೆ. ಕೆಲಸ ಮಾಡಿದ್ದಕ್ಕಿಂತ ಇನ್‌ಸ್ಟಾಲ್ ಮಾಡಿದ್ದೇ ಜಾಸ್ತಿ.

ಮಾವನಿಗೆ ಆ ಚಟ ಬೇಡ. ಕೆಟ್ಟರೆ ಓಡಿಹೋಗಲು ನಾನು ಪಕ್ಕದ ಮನೆಯಲ್ಲಿಲ್ಲ. ಹಾಗಾಗಿ ನಾನು ಹುಡುಕಿದ್ದು ಬೋರು ಹೊಡೆಸುವ, ಅಂದರೆ ಪದೇ ಪದೇ ಬದಲಾಗದ ಡಿಸ್ಟ್ರೋ. ಆರ್ಚ್ ಅನ್ನುವ ಡಿಸ್ಟ್ರೋದಲ್ಲಿ ಹೊಸದು ಬರುತ್ತಲೇ ಇರುತ್ತದೆ. ಫೆಡೋರಾ ಸುಮಾರು ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಎರಡೂ ಬೇಡ ಅಂದುಕೊಂಡೆ. ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ. ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿದೆ, ಏಕೆಂದರೆ ರ‍್ಯಾಮ್ ಇದ್ದದ್ದು 4 ಜಿಬಿ. ಹಳೇ ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಡಿಸ್ಕ್ ಕೂರಿಸಿದೆ. ನಿಜ ಹೇಳಬೇಕೆಂದರೆ ಅರ್ಧ ವೇಗ ಬಂದದ್ದು ಅದರಿಂದಲೇ. ಹೆಸರು ಮಾತ್ರ ಲಿನಕ್ಸಿಗೆ.

ಎಲ್ಲ ಆಯಿತು, ವೈಫೈ ಕಾಣಿಸಲಿಲ್ಲ. ವೈಫೈ ಚಿಪ್ಪಿಗೆ ಬೇರೆ ಡ್ರೈವರ್ ಬೇಕು, ಆ ಡ್ರೈವರ್ ತರಲು ಇಂಟರ್ನೆಟ್ ಬೇಕು. ಮದುವೆ ಆಗೋ ತನಕ ಹುಚ್ಚು ಬಿಡಲ್ಲ, ಹುಚ್ಚು ಬಿಡೋ ತನಕ ಮದುವೆ ಆಗಲ್ಲ! ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಸಿಕ್ಕಿಸಿ, ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಡುವ ಟೆದರಿಂಗ್ ಆನ್ ಮಾಡಿದೆ. ಡ್ರೈವರ್ ಮ್ಯಾನೇಜರ್ ತೆರೆದು ಒಂದು ಗುಂಡಿ ಒತ್ತಿದೆ. ಅತ್ತೆ ಕಾಫಿ ತರುವ ಹೊತ್ತಿಗೆ ವೈಫೈ ಬಂತು.

ಮಾವ ಖುಷಿಪಟ್ಟದ್ದು ಮಾತ್ರ ಬೇರೆ ವಿಷಯಕ್ಕೆ. ಕನ್ನಡ ಟೈಪಿಂಗಿಗೆ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಪಟ್ಟಿ ತೆರೆದೆ. ಅಲ್ಲಿ ಇಂಗ್ಲಿಷಿನಲ್ಲಿ 'ಕಗಪ' ಅಂತಿತ್ತು. "ಇದು ನಮ್ಮ ಕನ್ನಡ ಗಣಕ ಪರಿಷತ್ತಿನದ್ದಲ್ವೇನೋ?" ಅಂದರು. ಹೌದು, ಕೆ.ಪಿ. ರಾವ್ ರೂಪಿಸಿದ ವಿನ್ಯಾಸ, ಅದೇ. 'ಎಫ್' ಒತ್ತಿದರೆ ಒತ್ತಕ್ಷರಕ್ಕೆ ದಾರಿ. ಇಪ್ಪತ್ತು ವರ್ಷದಿಂದ ಬೆರಳಿಗೆ ಅಭ್ಯಾಸವಾದದ್ದು, ಹೊಸದಾಗಿ ಕಲಿಯೋದು ಏನೂ ಉಳಿಯಲಿಲ್ಲ. ಅದೇ ಪಟ್ಟಿಯಲ್ಲಿ ಹಿಂದಿ, ಮರಾಠಿ, ತೆಲುಗಿಗೂ 'ಕಗಪ' ಇದೆ. ಅದನ್ನು ತೋರಿಸಿದಾಗ ಅವರು ಅತ್ತೆಯನ್ನು ಕರೆದು ತೋರಿಸಿದರು.

ಎಲ್ಲವೂ ಸಲೀಸಾಗಿ ಆಯಿತು ಅಂತಲ್ಲ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅನ್ನುವ ಅಕ್ಷರ ಸಂಕೇತದಲ್ಲಿ ಇಲ್ಲದ ಹಳೇ ಫಾಂಟಿನ ಪತ್ರಗಳು ತೆರೆದಾಗ ಬರೀ ಚಿತ್ರವಿಚಿತ್ರ ಗುರುತುಗಳು. ಪರಿವರ್ತಕದಲ್ಲಿ ಹಾಕಿ ಒಂದೊಂದಾಗಿ ಸರಿಮಾಡಲು ಎರಡು ದಿನ ಹಿಡಿಯಿತು. ಇನ್ನು ಟ್ಯಾಲಿಯಲ್ಲೋ ಫೋಟೋಶಾಪಿನಲ್ಲೋ ದಿನವಿಡೀ ಕೆಲಸ ಮಾಡುವವರಾದರೆ ನಾನೇ ಬೇಡ ಅಂತೀನಿ. ಅವು ಲಿನಕ್ಸಿಗೆ ಬಂದಿಲ್ಲ. ಮಾವನದ್ದು ಅಡಿಕೆ ಲೆಕ್ಕ, ನಾಲ್ಕು ಪತ್ರ, ಯಕ್ಷಗಾನದ ವಿಡಿಯೋ. ಅಷ್ಟಕ್ಕೆ ಲಿಬ್ರೆಆಫೀಸು, ಬ್ರೌಸರು ಧಾರಾಳ ಸಾಕು.

ಅನುಮಾನ ಇದ್ದವರು ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ನೋಡಬಹುದು. ಇನ್‌ಸ್ಟಾಲ್ ಒತ್ತುವ ತನಕ ಒಳಗಿನ ಫೈಲುಗಳು ಹಾಗೇ ಇರುತ್ತವೆ. ವೈಫೈ, ಸ್ಪೀಕರು, ಪ್ರಿಂಟರು, ಮೂರನ್ನೂ ಅಲ್ಲೇ ಪರೀಕ್ಷಿಸಿಕೊಳ್ಳಿ. ನಾನು ಆ ದಿನ ಅವಸರದಲ್ಲಿ ಇದನ್ನೇ ಮರೆತಿದ್ದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಬೇರೆ ಡಿಸ್ಟ್ರೋ, ಹೆಸರು ಬೇಡ. ಹೊಸದರ ಚಪಲ ಇನ್ನೂ ಹೋಗಿಲ್ಲ ನೋಡಿ. ಮೊನ್ನೆ ಸಾಗರಕ್ಕೆ ಹೋಗಿದ್ದಾಗ ಅಪ್‌ಡೇಟ್ ಮಾಡಿಕೊಂಡೆ, ಅದಾದ ಮೇಲೆ ಪ್ರಿಂಟರ್ ಸಿಗಲೇ ಇಲ್ಲ. ಬಸ್ ಟಿಕೆಟ್ ಪ್ರಿಂಟ್ ಆಗಬೇಕಿತ್ತು. ಮಾವ ಕನ್ನಡಕ ಏರಿಸಿಕೊಂಡು, "ಇಲ್ಲಿ ಕಳಿಸೋ" ಅಂದರು.

ನಮಸ್ಕಾರ.