ಕಲ್ಲಿದೆ ಸರಿ, ನೋವು ಅದರದ್ದೇನಾ?

ಕೇಳುಗರೇ, ನಮಸ್ಕಾರ.

ಹೊಟ್ಟೆನೋವು ಅಂದರೆ ನಮ್ಮಲ್ಲಿ ಮೊದಲು ಬಾಯಿಗೆ ಬರುವ ಮಾತು ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತೇವೆ, ಜೀರಿಗೆ ಕಷಾಯ ಕುಡಿಯುತ್ತೇವೆ. ತಿಂಗಳುಗಟ್ಟಲೆ ಹೀಗೇ ನಡೆಯುತ್ತದೆ. ಕೊನೆಗೊಂದು ದಿನ ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು ಅಂತ ರಿಪೋರ್ಟ್ ಬರುತ್ತದೆ. ಮನೆಯವರಿಗೆಲ್ಲ ಒಂಥರಾ ಸಮಾಧಾನ. ಕಾರಣ ಸಿಕ್ಕಿತು, ತೆಗೆಸಿಬಿಟ್ಟರೆ ಆಯಿತು ಅಂತ.

ಒಂದು ಕ್ಷಣ ತಡೆಯಿರಿ. ಕಲ್ಲು ಇದೆ ಸರಿ. ನೋವು ಅದರದ್ದೇ ಅಂತ ಗೊತ್ತಾಗಿದೆಯಾ?

ಪಿತ್ತಕೋಶ ಲಿವರಿನ ಅಡಿಯಲ್ಲಿರುವ ಪುಟ್ಟ ಚೀಲ. ಲಿವರಿನಲ್ಲಿ ತಯಾರಾದ ಪಿತ್ತರಸವನ್ನು ಕೂಡಿಟ್ಟುಕೊಂಡು, ಜಿಡ್ಡಿನ ಊಟ ಒಳಗೆ ಹೋದಾಗ ಹಿಂಡಿ ಕರುಳಿಗೆ ಬಿಡುತ್ತದೆ. ಹಾಗೆ ಹಿಂಡುವಾಗ ಕಲ್ಲು ಆ ಚೀಲದ ಬಾಯಿಗೆ ಅಡ್ಡ ಬಂದರೆ ನೋವು ಶುರು. ಹೊಟ್ಟೆಯ ಮೇಲ್ಭಾಗದಲ್ಲಿ, ಇಲ್ಲವೇ ಬಲ ಪಕ್ಕೆಲುಬಿನ ಕೆಳಗೆ ಜೋರಾಗಿ ಹಿಡಿದುಕೊಳ್ಳುತ್ತದೆ. ಬೆನ್ನಿಗೆ, ಬಲ ಹೆಗಲಿನ ಹಿಂದಕ್ಕೆ ಹರಡುತ್ತದೆ. ಮದುವೆ ಮನೆಯಲ್ಲಿ ಗಡದ್ದಾಗಿ ಉಂಡು ಬಂದ ರಾತ್ರಿ ಎಬ್ಬಿಸಿ ಕೂರಿಸುವ ನೋವು ಇದು. ಕೂತರೂ ಆಗದು, ಮಲಗಿದರೂ ಆಗದು. ಅರ್ಧ ಗಂಟೆಯೋ ಮೂರ್ನಾಲ್ಕು ಗಂಟೆಯೋ ಇದ್ದು ಇಳಿಯುತ್ತದೆ. ಆಮೇಲೆ ವಾರಗಟ್ಟಲೆ ಸುದ್ದಿಯೇ ಇರುವುದಿಲ್ಲ.

ನಿಮ್ಮದು ಇಂಥ ನೋವಾಗಿದ್ದು, ಮತ್ತೆ ಮತ್ತೆ ಬರುತ್ತಿದ್ದರೆ ಪಿತ್ತಕೋಶವನ್ನೇ ತೆಗೆಯುವ ಆಪರೇಷನ್ ಒಳ್ಳೆಯ ದಾರಿ. ಅದಕ್ಕೆ ಹೆದರಬೇಡಿ.

ಆದರೆ ದಿನವಿಡೀ ಹೊಟ್ಟೆ ಉಬ್ಬರ, ಹುಳಿತೇಗು, ಸಣ್ಣಗೆ ಉರಿ, ಸಂಡಾಸಿಗೆ ಹೋಗಿ ಬಂದರೆ ಕಡಿಮೆಯಾಗುವ ನೋವು ಇದ್ದರೆ ಕಲ್ಲಿನ ಮೇಲೆ ಅಷ್ಟು ಸುಲಭವಾಗಿ ತಪ್ಪು ಹೊರಿಸುವ ಹಾಗಿಲ್ಲ. ಕಲ್ಲಿರುವ ಹೆಚ್ಚಿನವರಿಗೆ ಅದರಿಂದ ಯಾವತ್ತೂ ತೊಂದರೆ ಆಗುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಕಲ್ಲೂ ಹೊಟ್ಟೆನೋವೂ ಎರಡೂ ಇದ್ದ ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಬಹುಪಾಲು ಜನ ಪಿತ್ತಕೋಶ ತೆಗೆಸಿಕೊಂಡಿದ್ದರು. ಆದರೂ ವರ್ಷದ ನಂತರ ನೂರಕ್ಕೆ ಸುಮಾರು 40 ಜನರ ನೋವು ಪೂರ್ತಿ ಹೋಗಿರಲಿಲ್ಲ. ಈ ಅಂಕಿ ನನ್ನನ್ನು ಬಹಳ ಕಾಡುತ್ತದೆ. ಆಪರೇಷನ್ ಮಾಡಿಸಿಕೊಂಡ ಮೇಲೂ ಅದೇ ಹಳೇ ನೋವಿಗೆ ಮತ್ತೆ ಆಸ್ಪತ್ರೆ ಸುತ್ತುವುದು ಸಣ್ಣ ಕಷ್ಟವಲ್ಲ.

ಎಷ್ಟೋ ಸಲ ನೋವು ಹೊಟ್ಟೆಯ ಒಳಗೆ ಇರುವುದೇ ಇಲ್ಲ, ಹೊಟ್ಟೆಯ ಗೋಡೆಯಲ್ಲಿರುತ್ತದೆ. ಇದಕ್ಕೆ ಡಾಕ್ಟರು ಮಾಡುವ ಸರಳ ಪರೀಕ್ಷೆ ಇದೆ. ಅಂಗಾತ ಮಲಗಿಸಿ, ನೋಯುವ ಜಾಗದ ಮೇಲೆ ಬೆರಳಿಟ್ಟು ಒತ್ತುತ್ತಾರೆ. ಬೆರಳು ಅಲ್ಲೇ ಇರುವಾಗ ತಲೆ, ಭುಜ ಎತ್ತಿ ಅನ್ನುತ್ತಾರೆ. ಆಗ ಹೊಟ್ಟೆ ಬಿಗಿಯುತ್ತದೆ. ನೋವು ಜಾಸ್ತಿಯಾದರೆ ಅದು ಸ್ನಾಯುವಿನದ್ದೋ, ಅಲ್ಲಿ ಸಿಕ್ಕಿಕೊಂಡ ನರದ್ದೋ ಇರಬಹುದು. ಅದಕ್ಕೆ ಪಿತ್ತಕೋಶ ತೆಗೆದು ಏನು ಪ್ರಯೋಜನ, ಅಲ್ವಾ?

ಕಾಯಬಾರದ ಹೊತ್ತೂ ಇದೆ. ನೋವಿನ ಜೊತೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ನೋವು ಆರು ಗಂಟೆ ದಾಟಿದರೂ ಇಳಿಯದಿದ್ದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವವರೂ ವಯಸ್ಸಾದವರೂ ಇನ್ನೊಂದು ಮಾತು ನೆನಪಿಡಿ. ಹೊಟ್ಟೆಯ ಮೇಲ್ಭಾಗದ ನೋವು ಹಾರ್ಟ್ ಅಟ್ಯಾಕ್ ಕೂಡ ಆಗಿರಬಹುದು. ಗ್ಯಾಸ್ ಅಂತ ಸುಮ್ನೆ ಕೂರಬೇಡಿ, ಇಸಿಜಿ ಮಾಡಿಸಿ.

ಇಂಥ ತುರ್ತು ಇಲ್ಲದಿದ್ದರೆ ನಿಮಗೆ ಸಮಯ ಇದೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನೋವು ಯಾವಾಗ ಬಂತು, ಅದಕ್ಕೆ ಮುಂಚೆ ಏನು ಉಂಡಿದ್ದಿರಿ, ಎಲ್ಲಿ ನೋಯಿತು, ಎಷ್ಟು ಹೊತ್ತು ಇತ್ತು, ಬರೆದಿಡಿ. ಸರ್ಜನ್ ಹತ್ತಿರ ಹೋಗುವಾಗ ಸ್ಕ್ಯಾನಿಂಗ್ ರಿಪೋರ್ಟಿನ ಜೊತೆ ಅದನ್ನೂ ಕೊಂಡುಹೋಗಿ. ಡಾಕ್ಟ್ರೇ, ನನ್ನ ಯಾವ ತೊಂದರೆ ಆಪರೇಷನ್ನಿಂದ ಹೋಗುತ್ತದೆ, ಯಾವುದು ಉಳಿಯಬಹುದು ಅಂತ ಬಾಯಿಬಿಟ್ಟು ಕೇಳಿ. ಉತ್ತರ ಕೇಳಿದ ಮೇಲೆ ಮನೆಯವರ ಜೊತೆ ಕೂತು ತಾರೀಖು ಗೊತ್ತು ಮಾಡಿ.

ನಮಸ್ಕಾರ.